ಐದನೆಯ ಸ್ಟಡ್ಡಿನ ಕುಂಕುಮ

1961ರ ಮಾರ್ಚ್ ಹತ್ತು, ಶುಕ್ರವಾರ ಸಂಜೆ ಕಲ್ಯಾಣದುರ್ಗ ಠಾಣೆಗೆ ಒಂದು ದೂರು ಬಂತು. ದೂರು ತಂದವನು ಹಿಂದೂಪುರದ ರೈತ ಜಯರಾಮಪ್ಪ. ಮಗಳು ಪೋಲಮ್ಮನನ್ನು ಕಲ್ಯಾಣದುರ್ಗದ ಗಂಡನ ಮನೆಗೆ ಬಿಡಲು ಬಾಡಿಗೆ ಕಾರಿನಲ್ಲಿ ಹೊರಟಿದ್ದ. ಊರು ಇನ್ನಾರು ಮೈಲಿ ಇರುವಾಗ ಕಾರು ಮಗುಚಿ ಹುಡುಗಿ ಅಲ್ಲೇ ಪ್ರಾಣ ಬಿಟ್ಟಳು. ಮದುವೆಯಾಗಿ ತಿಂಗಳೂ ತುಂಬಿರಲಿಲ್ಲ. ಮುಂದಿನ ಸೀಟಿನಲ್ಲಿದ್ದ ಅಪ್ಪ ತರಚುಗಾಯದಲ್ಲಿ ಉಳಿದ. ಡ್ರೈವರ್ ಕದಿರಪ್ಪನ ಕಾಲು ಮುರಿಯಿತು.

ದೂರು ಜಯರಾಮಪ್ಪನದಾದರೂ ಮಾತೆಲ್ಲ ಪಕ್ಕದಲ್ಲಿ ನಿಂತಿದ್ದ ಕಾರಿನ ಮಾಲೀಕ ಕೇಶವಯ್ಯನದು. ಸುದ್ದಿ ಕೇಳಿ ಹಿಂದೂಪುರದಿಂದ ಲಾರಿ ಹತ್ತಿ ಬಂದಿದ್ದ.

“ಕುಡ್ದು ಓಡ್ಸವ್ನೆ ಸಾರ್, ಆ ಕದಿರಪ್ಪ. ನನ್ ಗಾಡಿ ಬಂಗಾರದಂಗಿತ್ತು. ಬೆಳಿಗ್ಗೆ ನಾನೇ ನೋಡಿ ಕಳ್ಸಿದ್ದು, ಅಂತಾ ಬಾಗುಂದಿ, ಎಲ್ಲಾ ಸರಿಯಾಗಿತ್ತು. ಆ ನನ್ಮಗನ್ನ ಬಿಡಬ್ಯಾಡಿ!”

ಸಬ್ ಇನ್‌ಸ್ಪೆಕ್ಟರ್ ನರಸಿಂಹಯ್ಯನವರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದದ್ದಕ್ಕೆ ಐಪಿಸಿ 304-ಎ ಕಲಮಿನಡಿ ಎಫ್‌ಐಆರ್ ಮಾಡಿಸಿ, ಡ್ರೈವರನ ಚರ್ಮ ಸುಲಿಯಬೇಕೆಂದೇ ಆಸ್ಪತ್ರೆಗೆ ಹೋದರು. ಸುಲಿಯುವ ಕೆಲಸವನ್ನು ಆಗಲೇ ಬೇರೆಯವರು ಶುರುಮಾಡಿದ್ದರು. ಠಾಣೆಗೆ ಬರುವ ಮೊದಲೇ ಜಯರಾಮಪ್ಪ ಚಪ್ಪಲಿಯಲ್ಲಿ ಹೊಡೆದು ಕದಿರಪ್ಪನ ಮುಖ ಊದಿಸಿದ್ದ. ಹೆಂಡದ ವಾಸನೆ ಕೂಡ ಇರಲಿಲ್ಲವೆಂದು ಡಾಕ್ಟರು ಬರೆದುಕೊಟ್ಟರು.

“ಹೆಂಗಾಯ್ತಲೇ?”

“ಎಡಗಡೆ ಹಿಂದ್ಲ ಚಕ್ರ ಕಳ್ಚಿ ಗಾಡಿಗಿಂತ ಮುಂದೆ ಓಡೋಯ್ತು ಸಾರ್. ಆಮ್ಯಾಕೆ ನನ್ ಕೈಲಿ ಏನೂ ಇರ್ಲಿಲ್ಲ.”

“ಹೊರಡೋ ಮುಂಚೆ ನಟ್ಟು ನೋಡಿದ್ಯಾ?”

“ಆ ಚಕ್ರಕ್ಕೆ ಮುಚ್ಳ ಹಾಕಿತ್ತು. ನಾನು ಮೂರು ದಿನ ಲೇಪಾಕ್ಷೀಲಿದ್ದು ಅವತ್ತೇ ಬಂದೋನು. ಹೊತ್ತಾಯ್ತದೆ ಹೊರಡ್ಲಾ ಅಂದ್ರು ಯಜಮಾನ್ರು.” ಕಣ್ಣು ಮುಚ್ಚಿಕೊಂಡ. “ಜೈಲಿಗೆ ಹೋದ್ರೆ ಮುಂದೆ ಯಾರೂ ಸ್ಟೇರಿಂಗ್ ಮುಟ್ಟಾಕೆ ಬಿಡಲ್ಲ ಸಾರ್. ಇನ್ನೊಂದು ಕಸುಬು ನಂಗೆ ಗೊತ್ತಿಲ್ಲ.”

ಮರುದಿನ ಬೆಳಿಗ್ಗೆ ಕಾನ್‌ಸ್ಟೇಬಲ್ ಚೆನ್ನಕೇಶವನೊಂದಿಗೆ ಸ್ಥಳ ಪಂಚನಾಮೆ ನಡೆಯಿತು. ಕಾರಿನ ಹಿಂದಿನ ಎಡಭಾಗದಲ್ಲಿ ಚಕ್ರವಿಲ್ಲದೆ ಬ್ರೇಕ್ ಡ್ರಮ್ಮು ಬೆತ್ತಲೆ ನಿಂತಿತ್ತು. ನಟ್ಟು ಕೂರಿಸಿ ಚಕ್ರ ಹಿಡಿದಿಡುವ ಐದು ಸ್ಟಡ್ಡುಗಳೂ ಮುರಿದಿದ್ದವು. ನಾಲ್ಕರ ಮುರಿದ ಬಾಯಿ ಆಗಷ್ಟೇ ಮುರಿದಂತೆ ಬೆಳ್ಳಗೆ ಹೊಳೆಯುತ್ತಿತ್ತು.

“ಇದ್ಯಾಕ್ಸಾರ್ ಕೆಂಪಗದೆ? ತುಕ್ಕಾ?” ಎಂದ ಚೆನ್ನಕೇಶವ.

ನರಸಿಂಹಯ್ಯ ಬಗ್ಗಿ ಬೆರಳಿಟ್ಟು ನೋಡಿದರು. ತುಕ್ಕಲ್ಲ. ಐದನೆಯ ಸ್ಟಡ್ಡಿನ ಮುರುಕು ಮೋಟಿನ ಮೇಲೆ ಅರಿಶಿನ, ಅರಿಶಿನದ ಮೇಲೆ ಕುಂಕುಮ ಅಂಟಿತ್ತು. ಉಳಿದ ಮೂರು ಚಕ್ರಗಳನ್ನು ನೋಡಿದರೆ ಒಂದೊಂದು ನಟ್ಟಿನ ತಲೆಗೂ ಬೊಟ್ಟು. ಅವು ಯಾವುದಕ್ಕೂ ಮುಚ್ಚಳವಿರಲಿಲ್ಲ. ಕಳಚಿದ ಚಕ್ರದ ಒಂದೇ ಒಂದು ಮುಚ್ಚಳ ನುಗ್ಗಾಗಿ ಹಳ್ಳದಲ್ಲಿ ಬಿದ್ದಿತ್ತು.

“ಪೂಜೆ ಮಾಡೋ ಹೊತ್ತಿಗೇ ಇದು ಮುರಿದಿತ್ತು ಕಣಯ್ಯ. ಪೂಜೆ ಆದಮೇಲೆ ಯಾರೋ ಮುಚ್ಚಳ ಹೊಡೆದವ್ರೆ!” ಎಂದರು. ಅವರ ಮೈಯೆಲ್ಲ ಉರಿದುಹೋಯಿತು. ಹೊಲದಿಂದ ಕರೆತಂದ ಇಬ್ಬರು ಪಂಚರಿಂದ ರುಜು ಹಾಕಿಸಿ, ಡ್ರಮ್ಮನ್ನು ಕಳಚಿಸಿ ಮೊಹರು ಮಾಡಿಸಿದರು.

ಭಾನುವಾರ ಹಿಂದೂಪುರ. ಅಲ್ಲಿಯ ಠಾಣೆಗೆ ಹೇಳಿ, ಮೊದಲು ಮೆಕ್ಯಾನಿಕ್ ಓಬಳೇಶಪ್ಪನ ಶೆಡ್ಡಿಗೆ ಹೋದರು.

“ಸ್ಟಡ್ಡು ಯಾವಾಗ ಮುರೀತು?”

“ಬುಧವಾರ ಪಂಕ್ಚರ್ ಹಾಕ್ವಾಗ ಸಾರ್. ಅದ್ನ ಮುಂದ್ಗಡೆಯಿಂದ ಹಾಕಾಕಾಗಲ್ಲ. ಚಕ್ರ ಬಿಚ್ಚಿ, ಡ್ರಮ್ಮು ಕಳ್ಚಿ, ಮುರುಕನ್ನ ಹಿಂದಕ್ಕೆ ಹೊಡ್ದು ಬೀಳಿಸ್ಬೇಕು. ಹೊಸದನ್ನ ಹಿಂದ್ಗಡೆಯಿಂದ ತೂರಿಸಿ ಬಿಗಿಯಾಗಿ ಕೂರಿಸ್ಬೇಕು. ಬೆಂಗಳೂರಿಂದ ತರಿಸಿ ಸೋಮವಾರ ಹಾಕ್ಕೊಡ್ತೀನಿ, ಒಂದು ಹೋದ್ರೆ ಉಳಿದ ನಾಲ್ಕೂ ತಾಳಲ್ಲ, ಅಲ್ಲೀಗಂಟ ಗಾಡಿ ಎತ್ತಬ್ಯಾಡಿ ಅಂದೆ.”

“ಕೇಶವಯ್ಯ ಏನಂದ?”

“ನಾಲ್ಕವಲ್ಲ ಬಿಡು ಅಂತ ಓಡಿಸ್ಕೊಂಡು ಹೋಗ್ಬುಟ್ರು.”

“ನೀನು ಬಾಯಿ ಮುಚ್ಕೊಂಡು ಕೂತೆ!”

ಓಬಳೇಶಪ್ಪನ ಹೇಳಿಕೆಯನ್ನು ಅಲ್ಲೇ ಬರೆಸಿಕೊಂಡರು.

ಕೇಶವಯ್ಯ ಮನೆಯ ಜಗಲಿಯಲ್ಲಿ ಕುಳಿತಿದ್ದ. ಸ್ಟಡ್ಡಿನ ಮಾತು ಎತ್ತಿದ್ದೇ ತಡ, ಉತ್ತರ ಬಾಯಲ್ಲೇ ಸಿದ್ಧವಾಗಿತ್ತು. “ಅಯ್ಯೋ, ಗುರುವಾರವೇ ಗೋರಂಟ್ಲದಾಗೆ ಹೊಸದು ಹಾಕಿಸ್ದೆನಲ್ಲ ಸಾರ್! ಅದನ್ನೂ ಮುರ್ಕೊಂಡವ್ನೆ ಆ ಕುಡುಕ.”

ನರಸಿಂಹಯ್ಯ ಹಲ್ಲು ಕಡಿದು ಸಿಟ್ಟು ನುಂಗಿದರು. ಕೇಶವಯ್ಯನ ಹೆಂಡತಿ ಶಿವಲಕ್ಷ್ಮಮ್ಮ ಮಜ್ಜಿಗೆ ತಂದಿಟ್ಟಳು.

“ಶುಕ್ರವಾರ ಗಾಡಿಗೆ ಪೂಜೆ ಮಾಡಿದ್ದು ನೀವೇನಮ್ಮ?”

“ಊಂ ಸ್ವಾಮಿ. ಪ್ರತಿ ಶುಕ್ರವಾರ ನಾನೇ. ಒಂದು ನಟ್ಟೂ ಬಿಡಲ್ಲ.”

“ಹಿಂದ್ಲ ಎಡಗಡೆ ಚಕ್ರಕ್ಕೆ?”

“ಅಲ್ಲೊಂದು ನಟ್ಟಿರ್ಲಿಲ್ಲ. ಕುಳಿಯೊಳ್ಗೆ ಮೋಟು ಇತ್ತು. ಹೆಣ್ಮಗಳು ಗಂಡನ ಮನೆಗೆ ಹೋಗೋ ಗಾಡಿ, ಬೋಳಾಗಿ ಬಿಡಬಾರ್ದು ಅಂತ ಅದಕ್ಕೂ ಬೊಟ್ಟಿಟ್ಟೆ. ಯಾಕ್ರೀ ಇಲ್ಲಿ ನಟ್ಟಿಲ್ಲ ಅಂದೆ. ನಿಂಗ್ಯಾಕೆ ಗಾಡಿ ಉಸಾಬರಿ, ಒಳೀಕ್ಕೋಗು ಅಂತ ಮುಚ್ಳ ತಂದು ಹಾಕಿದ್ರು.”

ಕೇಶವಯ್ಯ ಎದ್ದು ನಿಂತ. ಆಗ ಅವಳಿಗೆ ತಾನೇನು ಹೇಳಿದೆನೆಂಬುದು ತಿಳಿಯಿತು. ಚೊಂಬನ್ನು ಅಲ್ಲೇ ಬಿಟ್ಟು ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದಳು.

ಕೇಶವಯ್ಯನನ್ನು ಅಲ್ಲಿಯೇ ದಸ್ತಗಿರಿ ಮಾಡಿ ಕಲ್ಯಾಣದುರ್ಗಕ್ಕೆ ಕರೆತಂದರು. ಆಸ್ಪತ್ರೆಯಲ್ಲಿ ಕದಿರಪ್ಪನ ಮಂಚದ ಬಳಿ ಹಾಕಿಸಿದ್ದ ಪೊಲೀಸ್ ಕಾವಲನ್ನು ತೆಗೆಸಿದರು. ಮಗಳ ಮಣ್ಣು ಮುಗಿಸಿ ಬಂದ ಜಯರಾಮಪ್ಪನಿಗೆ ವಿಷಯ ತಿಳಿಸಿದಾಗ ಅವನು ಹಣೆ ಹಣೆ ಚಚ್ಚಿಕೊಂಡ.

“ನಾನು ಪೆದ್ದಣ್ಣನ ಕಾರು ಮಾತಾಡಿದ್ದೆ ಸ್ವಾಮಿ. ಇವ್ನೇ ಮನೆತಂಕ ಬಂದ. ನಮ್ ಬೀದಿ ಹೆಣ್ಮಗ ಇನ್ನೊಬ್ರ ಗಾಡೀಲಿ ಹೋದ್ರೆ ನನ್ ಮರ್ವಾದೆ ಏನಾಗ್ಬೇಕು ಅಂದ. ಇಲ್ ಕೂತ್ಕೋ ತಾಯಿ, ಚೆನ್ನಾಗ್ ಗಾಳಿ ಬತ್ತದೆ ಅಂತ ಆ ಚಕ್ರದ ಮ್ಯಾಲೇ ಕೂರಿಸ್ದ. ನಾನು ಹೋಗಿ ಆ ಪಾಪದ ಡ್ರೈವರ್ನ ಚಪ್ಪಲೀಲಿ ಹೊಡ್ದೆನಲ್ಲ!”

ಪೆದ್ದಣ್ಣ ಹಿಂದೂಪುರದಲ್ಲಿ ಹೊಸದಾಗಿ ಬಾಡಿಗೆ ಕಾರು ತಂದವನು. ಅಲ್ಲಿಯವರೆಗೆ ಮದುವೆ, ಮುಂಜಿ ಎಲ್ಲಕ್ಕೂ ಕೇಶವಯ್ಯನ ಕಾರೇ ಹೋಗುತ್ತಿತ್ತು. ಕೇಶವಯ್ಯ ಹೇಳಿಕೆಯಲ್ಲಿ ಎಲ್ಲವನ್ನೂ ಒಪ್ಪಿಕೊಂಡ. ಒಂದು ಹನಿ ಕಣ್ಣೀರು ಬರಲಿಲ್ಲ.

ನರಸಿಂಹಯ್ಯ ಮೇಜು ಗುದ್ದಿದರು. “ಥೂ ನಿನ್ನ! ನಿನ್ನ ಸ್ವಂತ ಮಗಳಾಗಿದ್ರೆ ಆ ಗಾಡೀಲಿ ಕಳಿಸ್ತಿದ್ಯೇನೋ?”

ಕೇಶವಯ್ಯ ಸ್ವಲ್ಪ ಹೊತ್ತು ನಿಜವಾಗಿಯೂ ಯೋಚಿಸಿದ.

“ಕಳಿಸ್ತಿದ್ದೆ ಸಾರ್. ಪೆದ್ದಣ್ಣನ ಗಾಡಿಗೆ ಮಾತ್ರ ಹತ್ತಿಸ್ತಿರ್ಲಿಲ್ಲ.”

ಹೊಡೆಯಲು ಎತ್ತಿದ ಕೈಯನ್ನು ನರಸಿಂಹಯ್ಯ ಇಳಿಸಿದರು. ಆ ಮಾತನ್ನೂ ಹಾಗೆಯೇ ಬರೆದುಕೊಳ್ಳುವಂತೆ ಚೆನ್ನಕೇಶವನಿಗೆ ಹೇಳಿದರು.