ಹತ್ತು ನಿಮಿಷ ಮಗ್ಗ ನಿಲ್ಲಿಸ್ರಿ

“ಬ್ಯಾಡ್ರಿ! ನಮ್ಮ ಕೊಡದಾಗಿನ ನೀರ ಚಲೋ ಅದಾವು. ನಿಮ್ಮ ಫಿಲ್ಟರ್ ನೀವ ಇಟ್ಕೊಳ್ರಿ.”

ಮಾಯಾ ಸೊಂಟದ ಮೇಲೆ ಕೈಯಿಟ್ಟು ಹೇಳಿದಳು. ಸುನಂದಕ್ಕ ಸೋಲಲಿಲ್ಲ. ಸ್ಟೀಲ್ ಡಬ್ಬಿಗೆ ಟವೆಲ್ ಹೊದಿಸಿ, ಅದನ್ನೇ ಫಿಲ್ಟರ್ ಎಂದು ಮುಂದಿಟ್ಟುಕೊಂಡಿದ್ದಳು.

“ಮನ್ಯಾಗ ಸಣ್ಣ ಮಕ್ಕಳದಾರೇನ್ರಿ ಅಕ್ಕಾರ?”

“ಒಬ್ಬಾಕಿ ಅದಾಳ್ರಿ. ಭಾಳ ಹಟಮಾರಿ!”

ಇಬ್ಬರೂ ಬಿದ್ದು ಬಿದ್ದು ನಕ್ಕರು.

ನಾಲ್ಕು ದಿನದಿಂದ ಇದೇ ಆಟ. ಆಟವೆಂದರೆ ಅಕ್ಕನಿಗೆ ಸಿಟ್ಟು; ಇದು ಪ್ರಾಕ್ಟೀಸು. ಬಾಗಲಕೋಟೆಯ ಫಿಲ್ಟರ್ ಕಂಪನಿಯೊಂದರಲ್ಲಿ ಸೇಲ್ಸ್ ಕೆಲಸ ಖಾಲಿ ಇತ್ತು. ಇವತ್ತು ಶನಿವಾರ, ಹನ್ನೆರಡಕ್ಕೆ ಫೋನಿನಲ್ಲೇ ಇಂಟರ್‌ವ್ಯೂ. ಕೆಲಸ ಸಿಕ್ಕರೆ ಅಕ್ಕ ಅಲ್ಲೇ ಹಾಸ್ಟೆಲಿನಲ್ಲಿ ಇರುತ್ತಾಳೆ. ಇಳಕಲ್ಲಿಗೆ ಬರುವುದು ಭಾನುವಾರ ಮಾತ್ರ.

ಅವ್ವ ಗ್ರಾನೈಟ್ ಫ್ಯಾಕ್ಟರಿಯಿಂದ ಬರುವುದು ಸಂಜೆ ಏಳಕ್ಕೆ. ಅಕ್ಕ ಹೋದರೆ, ಶಾಲೆ ಬಿಟ್ಟು ಬಂದ ಮಾಯಾ ಬಾಗಿಲಿಗೆ ಹಾಕುವ ಆ ಬಿಗಿಯಾದ ಕೀಲಿಯನ್ನು ತಾನೇ ತೆಗೆಯಬೇಕು. ರೊಟ್ಟಿ ಒಬ್ಬಳೇ ತಿನ್ನಬೇಕು. ನೆನೆದರೇ ಅವಳಿಗೆ ಅಳು ಬರುತ್ತಿತ್ತು.

“ಮಾಯಾ, ಓಡು. ರಂಜಾನಬಿ ಚಾಚಿಗೆ ಹತ್ತು ನಿಮಿಷ ಮಗ್ಗ ನಿಲ್ಲಿಸ್ರಿ ಅಂತ ಹೇಳಿ ಬಾ. ಆ ಸಪ್ಪಳದಾಗ ನನಗೇನೂ ಕೇಳಂಗಿಲ್ಲ.”

ಪಕ್ಕದ ಮನೆಯ ಮಗ್ಗ ಖಟ್ ಖಟ್ ಅನ್ನುತ್ತಿತ್ತು. ಮಾಯಾ ಬಾಗಿಲ ತನಕ ಹೋದಳು. ಚಾಚಿ ಆ ಕಡೆ ಮುಖ ಮಾಡಿ ಸೀರೆ ನೇಯುತ್ತಿದ್ದರು. ಮಾಯಾ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಒಂದು ಮಾತೂ ಆಡದೆ ಮನೆಗೆ ಬಂದಳು.

“ಹೇಳಿದಿ?”

“ಹ್ಞೂಂ, ಹೇಳೀನಿ.”

ಶುದ್ಧ ಸುಳ್ಳು!

ಫೋನು ರಿಂಗಾಯಿತು. ಅಷ್ಟರಲ್ಲಿ, ಅರೇ, ಮಗ್ಗ ನಿಂತುಬಿಟ್ಟಿತು!

“ನಮಸ್ಕಾರ ಸರ್. ನನ್ನ ಹೆಸರು ಸುನಂದಾ. ನಾನು ಬಿ.ಕಾಂ. ಪದವೀಧರೆ...” ಅಕ್ಕ ಸ್ಪೀಕರ್ ಹಾಕಿ ಪುಸ್ತಕದ ಕನ್ನಡದಲ್ಲಿ ಶುರು ಮಾಡಿದಳು.

“ಅದಿರ್ಲಿ. ಸ್ಕೂಟಿ ಐತೇನ್ರಿ?”

“ಇಲ್ಲ ಸರ್. ಆದರೆ ನಾನು ಬಸ್ಸಿನಲ್ಲಿ...”

“ದಿನಾ ಇಪ್ಪತ್ತು ಮನಿ ತಿರುಗಬೇಕ್ರಿ. ಗಾಡಿ ಇದ್ದವ್ರ ಬೇಕು.”

“ಸರ್, ಫಿಲ್ಟರ್ ಬಗ್ಗೆ ಒಂದೇ ನಿಮಿಷ ಹೇಳಲೇ?”

“ಈಗ ಬ್ಯಾಡ್ರಿ. ನೋಡಿ ಹೇಳ್ತೇವಿ.”

ಅಷ್ಟೇ. ಫೋನು ಕಟ್ಟಾಯಿತು. ನಾಲ್ಕು ದಿನದ ಪ್ರಾಕ್ಟೀಸಿನ ಒಂದು ಮಾತನ್ನೂ ಆತ ಕೇಳಲಿಲ್ಲ.

ಮಾಯಾಳಿಗೆ ಬೇಕಾಗಿದ್ದು ಇದೇ ತಾನೇ? ಅಕ್ಕ ಇನ್ನು ಎಲ್ಲಿಗೂ ಹೋಗುವುದಿಲ್ಲ. ಖುಷಿಯಾಗಬೇಕಿತ್ತು, ಆಗಲಿಲ್ಲ.

“ಅಕ್ಕಾ, ಊಟ ಮಾಡೂಣೇನು?”

ಅಕ್ಕ ಟವೆಲ್ ಹೊದ್ದ ಡಬ್ಬಿಯನ್ನೇ ನೋಡುತ್ತ ಕುಳಿತಿದ್ದಳು. ತಿರುಗಲೂ ಇಲ್ಲ. ಮನೆಯಲ್ಲಿ ಇಬ್ಬರಿದ್ದರೂ ಮಾಯಾಳಿಗೆ ತಾನೊಬ್ಬಳೇ ಇದ್ದಂತೆ ಅನಿಸಿತು.

ಅವಳು ಮೆಲ್ಲಗೆ ಚಾಚಿಯ ಮನೆಗೆ ಹೋದಳು. ಚಾಚಿ ಕೈಕಟ್ಟಿ ಕುಳಿತಿದ್ದರು.

“ಮುಗೀತೇನವಾ? ಮಗ್ಗ ಚಾಲೂ ಮಾಡ್ಲೇನು?”

“ಚಾಚಿ, ನಿಲ್ಲಸ್ರಿ ಅಂತ ನಿಮಗ ಯಾರ ಹೇಳಿದ್ರು?”

“ಯಾರ ಹೇಳಬೇಕು? ನಾಲ್ಕ ದಿನ ಆತು, ಗ್ವಾಡಿ ಹಿಂದ ಎಲ್ಲಾ ಕೇಳಾಕತ್ತೇನಿ. ಆಕಿಗೆ ಕೆಲಸ ಸಿಗಲೆವ್ವಾ ಅಂತ ದುವಾ ಮಾಡ್ಕೋತ ಕುಂತಿದ್ದೆ.”

ಪಕ್ಕದ ಮನೆಯ ಚಾಚಿ ಸಿಗಲಿ ಎಂದಿದ್ದರು. ಸಿಗಬಾರದು ಎಂದವಳು ಅಕ್ಕನ ಸ್ವಂತ ತಂಗಿ. ಮಾಯಾಳ ಕಣ್ಣು ತುಂಬಿ ಬಂತು.

“ಸಿಗಲಿಲ್ಲ ಚಾಚಿ,” ಎಂದಷ್ಟೇ ಹೇಳಿ ಓಡಿ ಬಂದಳು.

“ಅಕ್ಕಾ, ನಾ ಚಾಚಿಗೆ ಹೇಳಿದ್ದಿಲ್ಲ. ನೀ ಹೋಗೂದು ನನಗ ಬ್ಯಾಡಾಗಿತ್ತು.”

“ಕೇಳಸ್ತು,” ಎಂದಳು ಅಕ್ಕ. “ಗ್ವಾಡಿ ಈ ಕಡೆಗೂ ಕೇಳಸ್ತೈತಿ.”

ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎಂದುಕೊಂಡಳು ಮಾಯಾ.

ಗೋಡೆಯಾಚೆ ಮಗ್ಗ ಮತ್ತೆ ಶುರುವಾಯಿತು. ಮಾಯಾ ಮೊಳೆಗೆ ತೂಗುಹಾಕಿದ್ದ ಕೀಲಿ, ಕೀಲಿಕೈ ತೆಗೆದುಕೊಂಡು ಹೊಸ್ತಿಲ ಮೇಲೆ ಕುಳಿತಳು. ಕೀಲಿ ಹಾಕಿದಳು. ತೆಗೆಯಲು ನೋಡಿದಳು. ಬರಲಿಲ್ಲ. ಹಲ್ಲು ಕಚ್ಚಿ ಮತ್ತೆ ತಿರುಗಿಸಿದಳು.

“ಏನ ಮಾಡಾಕತ್ತಿ ಅಲ್ಲಿ?” ಅಕ್ಕ ಒಳಗಿನಿಂದ ಕೇಳಿದಳು.

“ಪ್ರಾಕ್ಟೀಸು,” ಎಂದಳು ಮಾಯಾ.