ಸೇವೆಯಲ್ಲಿರುವ ಮಗ

ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದವನ ದೂರು ಕೇಳಿ ಹೆಡ್ ಕಾನ್‌ಸ್ಟೆಬಲ್ ಬರೆಯುವುದನ್ನು ನಿಲ್ಲಿಸಿದಳು.

"ಇನ್ನೊಂದು ಸಲ ಹೇಳಿ."

"ನಾನು ನೀರು ಸರಬರಾಜು ಇಲಾಖೆಯಲ್ಲಿ ಕೆಲಸ ಮಾಡ್ತಿದ್ದೀನಂತೆ ಮೇಡಂ. ಆದರೆ ನಾನು ಆ ಆಫೀಸಿಗೆ ಕಾಲಿಟ್ಟಿದ್ದೇ ಇವತ್ತು."

ದೂರುದಾರ ಲಾರಿ ಚಾಲಕ. ಅವನ ಅಪ್ಪ ಆ ಇಲಾಖೆಯಲ್ಲಿ ಪಂಪ್ ಆಪರೇಟರ್ ಆಗಿದ್ದವರು. ಮೀಸೆ ಚಿಗುರುವ ವಯಸ್ಸಿನಲ್ಲಿ ಅಪ್ಪನ ಜತೆ ಜಗಳವಾಡಿ ಮನೆ ಬಿಟ್ಟವನು ಮತ್ತೆ ಅತ್ತ ತಿರುಗಿ ನೋಡಿರಲಿಲ್ಲ. ಅಪ್ಪ ಡ್ಯೂಟಿಯಲ್ಲೇ ಕರೆಂಟು ಹೊಡೆದು ತೀರಿಕೊಂಡ ಸುದ್ದಿ ಅವನ ಕಿವಿಗೆ ಬಿದ್ದದ್ದು ಮೊನ್ನೆ ಮೊನ್ನೆ, ಅದೂ ಯಾವುದೋ ಲಾರಿ ಸ್ಟ್ಯಾಂಡಿನಲ್ಲಿ. ಬರಿಗೈಲಿ ಯಾವ ಮುಖ ಹೊತ್ತು ಅಮ್ಮನ ಮುಂದೆ ನಿಲ್ಲೋದು ಅನ್ನಿಸಿತು. ಸೇವೆಯಲ್ಲಿದ್ದಾಗ ಸತ್ತವರ ಮಕ್ಕಳಿಗೆ ಅನುಕಂಪದ ಮೇಲೆ ಕೆಲಸ ಕೊಡುತ್ತಾರೆಂದು ಯಾರೋ ಹೇಳಿದ್ದರಿಂದ, ಮೊದಲು ಅದನ್ನೇ ವಿಚಾರಿಸಲು ಹೋಗಿದ್ದ.

"ಗುಮಾಸ್ತರು ಕಂಪ್ಯೂಟರ್ ನೋಡಿ, 'ನೀವು ಕೆಲಸಕ್ಕೆ ಸೇರಿ ಐದು ವರ್ಷ ಆಯ್ತಲ್ರೀ, ಡ್ಯೂಟಿ ಬಿಟ್ಟು ಇಲ್ಲಿ ಯಾಕೆ ನಿಂತಿದ್ದೀರಿ?' ಅಂದ್ರು."

ಪಕ್ಕದಲ್ಲಿದ್ದ ಪೇದೆಗೆ ನಗು ತಡೆಯಲಾಗಲಿಲ್ಲ. ಹೆಡ್ ಕಾನ್‌ಸ್ಟೆಬಲ್ ನಗಲಿಲ್ಲ. ಅವಳ ಗಂಡನೂ ಇದೇ ಖಾಕಿಯಲ್ಲಿದ್ದವನು. ಅವನು ಹೋದ ಮೇಲೆ ಅನುಕಂಪದ ನೇಮಕದಲ್ಲಿ ಅವಳಿಗೆ ಈ ಸಮವಸ್ತ್ರ ಬಂದಿತ್ತು. ಆ ಆದೇಶ ಬಾರದೇ ಇದ್ದಿದ್ದರೆ ಮಗಳನ್ನು ಕಟ್ಟಿಕೊಂಡು ಯಾರ ಮನೆ ಬಾಗಿಲಿಗೆ ಹೋಗಬೇಕಿತ್ತೋ ಎಂದು ಈಗಲೂ ಒಮ್ಮೊಮ್ಮೆ ಯೋಚಿಸುತ್ತಾಳೆ, ಸರ್ಕಾರಕ್ಕೆ ಮನಸ್ಸಿನಲ್ಲೇ ಕೈ ಮುಗಿಯುತ್ತಾಳೆ. ಅಂಥ ಕೆಲಸವನ್ನು ಸತ್ತವರ ಮನೆಯವರಿಂದ ಲಪಟಾಯಿಸಿದವನು ಸಿಗಲಿ, ನೋಡಿಕೊಳ್ಳುತ್ತೇನೆ ಅಂದುಕೊಂಡಳು.

ಇನ್‌ಸ್ಪೆಕ್ಟರ್ ದೂರು ಓದಿ, ಇಲಾಖೆಯ ಅಧಿಕಾರಿಯ ಹೇಳಿಕೆ ತರಿಸಿಕೊಂಡರು. ಸೋಗು ಹಾಕಿ ವಂಚಿಸಿದ ಆರೋಪದಲ್ಲಿ ಮಧ್ಯಾಹ್ನಕ್ಕೆ ಎಫ್‌ಐಆರ್ ಆಯಿತು. ಆರೋಪಿ ಇಲಾಖೆಗೆ ಕೊಟ್ಟಿದ್ದ ವಿಳಾಸ ಮಾರುಕಟ್ಟೆಯ ಹಿಂದಿನ ಓಣಿಯದು.

"ಅವನು ಮನೇಲಿ ಇದ್ದರೆ ಕರ್ಕೊಂಡು ಬನ್ನಿ. ಇಲ್ಲದಿದ್ದರೆ ಮನೆಯವರನ್ನ ವಿಚಾರಿಸಿ," ಎಂದರು ಇನ್‌ಸ್ಪೆಕ್ಟರ್.

ಹೆಡ್ ಕಾನ್‌ಸ್ಟೆಬಲ್ ದೂರುದಾರನನ್ನು ಜೀಪಿನಲ್ಲೇ ಕೂರಿಸಿ ಮೊದಲು ನೆರೆಯ ಮೂರು ಮನೆಗಳಲ್ಲಿ ವಿಚಾರಿಸಿದಳು. ಮೂರೂ ಮನೆಯವರು ಒಂದೇ ಮಾತು ಹೇಳಿದರು: ತಾಯಿ ಮಗ ಇಬ್ಬರೇ, ಬಂದು ನಾಲ್ಕೈದು ವರ್ಷವಾಯಿತು, ಮಗನೆಂದರೆ ಹಾಗಿರಬೇಕು.

ಬಾಗಿಲು ತೆರೆದವಳು ಕನ್ನಡಕದ ಮುದುಕಿ. ಒಂದೇ ಕೋಣೆ, ಒಂದು ಮಂಚ, ಗೋಡೆಯ ಪಕ್ಕ ಸುತ್ತಿಟ್ಟ ಚಾಪೆ. ಗೋಡೆಯ ಮೇಲೆ ಪಂಪ್ ಆಪರೇಟರರ ಫೋಟೋ.

"ನಿಮ್ಮ ಮಗ ಎಲ್ಲಮ್ಮ?"

"ಡ್ಯೂಟಿಗೆ ಹೋಗಿದ್ದಾನೆ. ಯಾಕಮ್ಮ, ಏನಾಯ್ತು?"

"ಅವನು ನೀವು ಹೆತ್ತ ಮಗನಾ?"

ಮುದುಕಿ ಸೆರಗಿನಿಂದ ಕನ್ನಡಕ ಒರೆಸುತ್ತಾ ನಿಂತಳು. ಅಷ್ಟರಲ್ಲಿ ಹೊಸ್ತಿಲ ಮೇಲೆ ನೆರಳು ಬಿತ್ತು. ಜೀಪಿನಲ್ಲಿ ಕೂರಲಾರದೆ ಚಾಲಕ ಇಳಿದು ಬಂದಿದ್ದ.

ಮುದುಕಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಹತ್ತಿರ ಬಂದು ಮಣಿಕಟ್ಟು ಹಿಡಿದಳು.

"ಬಂದೆಯಾ? ಎಷ್ಟು ಸೊರಗಿದ್ದೀಯಪ್ಪ," ಎಂದಳು. ಆಮೇಲೆ ಹೆಡ್ ಕಾನ್‌ಸ್ಟೆಬಲ್ ಕಡೆ ತಿರುಗಿ, "ಅವನು ಹೇಳ್ತಾನೇ ಇದ್ದ, ಬಂದೇ ಬರ್ತಾನಮ್ಮ ಅಂತ."

"ಯಾರು?"

"ಇನ್ಯಾರು, ನೀವು ಹಿಡಿಯೋಕೆ ಬಂದಿದ್ದೀರಲ್ಲ, ಅವನೇ. ವಾರದ ರಜೆ ಬಂದ್ರೆ ಸಾಕು, ಲಾರಿ ಸ್ಟ್ಯಾಂಡ್ ಸುತ್ತೋಕೆ ಹೊರಟುಬಿಡ್ತಿದ್ದ. ಕಂಡ ಡ್ರೈವರಿಗೆಲ್ಲ ಇವನ ಫೋಟೋ ತೋರ್ಸಿ, ಅಪ್ಪ ಹೋಗ್ಬಿಟ್ರು, ಅಮ್ಮ ಕಾಯ್ತಿದ್ದಾರೆ ಅಂತ ಹೇಳಿ ಕಳಿಸ್ತಿದ್ದ."

ಚಾಲಕ ಮಂಚದ ಅಂಚಿನಲ್ಲಿ ಕೂತ. ತನಗೆ ಸುದ್ದಿ ಮುಟ್ಟಿಸಿದವನು, ಪಂಪ್‌ಹೌಸಿನವನೊಬ್ಬ ಹೇಳಿದ ಎಂದದ್ದು ಅವನಿಗೆ ಈಗ ನೆನಪಾಯಿತು. ಯಾವ ಪಂಪ್‌ಹೌಸು, ಯಾರು ಎಂದು ಕೇಳುವ ಗೋಜಿಗೇ ಹೋಗಿರಲಿಲ್ಲ.

"ಮೇಡಂ, ದೂರು ವಾಪಸ್ ತಗೋತೀನಿ," ಎಂದ.

"ಆಗಲ್ಲಪ್ಪ. ಮೋಸ ಹೋಗಿರೋದು ನೀನೊಬ್ಬನೇ ಅಲ್ಲ, ಸರ್ಕಾರಾನೂ." ಅದನ್ನು ಹೇಳುವಾಗ ಬೆಳಗಿನ ಸಿಟ್ಟು ತನ್ನಲ್ಲಿ ಉಳಿದಿಲ್ಲ ಎಂಬುದು ಅವಳಿಗೇ ಗೊತ್ತಾಯಿತು.

ಮುದುಕಿಯ ಹೇಳಿಕೆ ಬರೆದುಕೊಂಡಳು. ಮಗನ ಅಂಕಪಟ್ಟಿ ಮನೆಯಲ್ಲಿತ್ತು. ಕೆಲಸಕ್ಕೆ ಸೇರಲು ತನಗೆ ವಯಸ್ಸು ಮೀರಿತ್ತು. ಅರ್ಜಿಯ ಗಡುವು ಮುಗಿಯುತ್ತಿತ್ತು. ಆ ಅಂಕಪಟ್ಟಿ ಕೊಟ್ಟು, ಇವನೇ ನನ್ನ ಮಗ ಎಂದು ಅಧಿಕಾರಿಗಳ ಮುಂದೆ ಹೆಬ್ಬೆಟ್ಟು ಒತ್ತಿದ್ದು ತಾನೇ.

ಸಂಜೆ ನಾಲ್ಕಕ್ಕೆ ಇನ್‌ಸ್ಪೆಕ್ಟರ್, ಹೆಡ್ ಕಾನ್‌ಸ್ಟೆಬಲ್, ಇಬ್ಬರು ಪಂಚರು ಪಂಪ್‌ಹೌಸ್ ತಲುಪಿದರು. ಒಳಗೆ ಮೋಟರಿನ ಸದ್ದಿಗೆ ಮಾತು ಕೇಳುವಂತಿರಲಿಲ್ಲ. ಎಣ್ಣೆಗೈಯವನೊಬ್ಬ ವಾಲ್ವ್ ತಿರುಗಿಸುತ್ತಿದ್ದ. ಎಡಭುಜ ತುಸು ಸೊಟ್ಟ. ಪೊಲೀಸರನ್ನು ನೋಡಿ ಹೊರಗೆ ಬಂದು ನಿಂತ.

"ನೀನು ಪಂಪ್ ಆಪರೇಟರರ ಮಗನಾ?" ಇನ್‌ಸ್ಪೆಕ್ಟರ್ ಕೇಳಿದರು.

"ಅಲ್ಲ ಸಾರ್. ಅವನು ಬಂದನಾ?"

"ಬಂದಿದ್ದಾನೆ."

"ಅಮ್ಮನನ್ನ ನೋಡಿದನಾ?"

"ಪ್ರಶ್ನೆ ಕೇಳೋದು ನಾವು."

"ನೋಡಿದ," ಎಂದಳು ಹೆಡ್ ಕಾನ್‌ಸ್ಟೆಬಲ್.

ಅವನು ದೊಡ್ಡ ಉಸಿರು ಬಿಟ್ಟ. "ತಪ್ಪೆಲ್ಲ ನನ್ನದೇ ಸಾರ್. ಅಮ್ಮನಿಗೆ ಏನೂ ಗೊತ್ತಿಲ್ಲ."

"ಅವರು ಆಗಲೇ ಎಲ್ಲಾ ಹೇಳಿಬಿಟ್ಟಿದ್ದಾರೆ."

"ಸುಳ್ಳು ಹೇಳೋಕೆ ಅವರಿಗೆ ಬರಲ್ಲ," ಎಂದು ತಲೆ ತಗ್ಗಿಸಿದ. ಆಮೇಲೆ ಕೇಳಿದ, "ಸಾರ್, ಟ್ಯಾಂಕ್ ತುಂಬೋವರೆಗೆ ಬಿಡ್ತೀರಾ? ಈಗ ನಿಲ್ಲಿಸಿದ್ರೆ ಆಸ್ಪತ್ರೆ ಕಡೆ ನೀರು ಹೋಗಲ್ಲ."

ಇನ್‌ಸ್ಪೆಕ್ಟರ್ ಗಡಿಯಾರ ನೋಡಿ ಕಲ್ಲುಬೆಂಚಿನ ಮೇಲೆ ಕೂತರು. ಬದಲಿ ಆಪರೇಟರ್ ಬಂದ ಮೇಲೆ ಪಂಚನಾಮೆ ಮುಗಿಯಿತು. ಆರು ಗಂಟೆಗೆ ಬಂಧನ.

ಠಾಣೆಯಲ್ಲಿ ಹೇಳಿಕೆ ಬರೆದುಕೊಂಡವಳು ಹೆಡ್ ಕಾನ್‌ಸ್ಟೆಬಲ್ಲೇ. ಅವನಿಗೆ ಹಿಂದು ಮುಂದು ಯಾರೂ ಇರಲಿಲ್ಲ. ಪೈಪ್‌ಲೈನಿನ ಕೂಲಿಗೆಂದು ಬಂದವನು. ಒಂದು ದಿನ ಗುಂಡಿಯ ಮಣ್ಣು ಕುಸಿದು ಅದರಡಿ ಸಿಕ್ಕಿಕೊಂಡ. ಜತೆಯವರು ಕೈ ಚೆಲ್ಲಿದರು. ಪಂಪ್‌ಹೌಸಿನಿಂದ ಓಡಿ ಬಂದ ಆಪರೇಟರ್ ಬರಿಗೈಯಲ್ಲಿ ಮಣ್ಣು ತೋಡಿದರು.

"ಭುಜ ಮುರಿದಿತ್ತು. ಮನೆಗೆ ಕರ್ಕೊಂಡು ಹೋದ್ರು. ಅಮ್ಮ ತಿಂಗಳುಗಟ್ಟಲೆ ಊಟ ಮಾಡಿಸಿದ್ರು. ವಾಸಿಯಾದ ಮೇಲೂ ಹೋಗು ಅಂತ ಯಾರೂ ಅನ್ನಲಿಲ್ಲ."

"ಅವನು ಬಂದ್ರೆ ನೀನು ಸಿಕ್ಕಿಬೀಳ್ತೀಯ ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ತು ಮೇಡಂ."

"ಮತ್ತೆ ಯಾಕೆ ಹುಡುಕಿದೆ?"

"ಅವರ ಹೊಟ್ಟೆ ತುಂಬಿಸೋಕೆ ನನ್ನಿಂದ ಆಯ್ತು. ಆದ್ರೆ ಬಾಗಿಲು ಸದ್ದಾದಾಗಲೆಲ್ಲ ಎದ್ದು ನೋಡ್ತಿದ್ರು. ಅದಕ್ಕೆ ನಾನೇನು ಮಾಡ್ಲಿ?"

ಅವಳು ಅದನ್ನು ಅವನ ಮಾತಿನಲ್ಲೇ ಬರೆದಳು.

ಮುದುಕಿಯ ಹೆಸರು ಎರಡನೇ ಆರೋಪಿಯಾಗಿ ಸೇರಲೇಬೇಕಾಯಿತು. ವಯಸ್ಸು ನೋಡಿ ಇನ್‌ಸ್ಪೆಕ್ಟರ್ ನೋಟಿಸ್ ಕೊಟ್ಟು ಮನೆಗೆ ಕಳಿಸಿದರು. ಆಕೆ ಅವರಿಗೆ ಕೈ ಮುಗಿದು, "ನನ್ನ ಮಗನನ್ನ ತಂದುಕೊಟ್ರಿ, ನಿಮಗೆ ಒಳ್ಳೇದಾಗಲಿ," ಎಂದಳು. ಯಾವ ಮಗನ ಮಾತು ಎಂದು ಅವರು ಕೇಳಲಿಲ್ಲ.

ಮರುದಿನ ನ್ಯಾಯಾಲಯಕ್ಕೆ ಹೊರಡುವ ಮುನ್ನ ಚಾಲಕ ಠಾಣೆಗೆ ಬಂದ. ಜಾಮೀನಿಗೆ ತಾನೇ ನಿಲ್ಲುವುದಾಗಿ ವಕೀಲರಿಗೆ ಹೇಳಿ ಬಂದಿದ್ದ. ಕಂಬಿಯ ಮುಂದೆ ಬಂದು ನಿಂತ. "ಅಣ್ಣ, ನಿನ್ನ ಋಣ ನಾನು ಹೇಗೆ..." ಎಂದು ಅಲ್ಲಿಗೇ ನಿಲ್ಲಿಸಿದ.

ಒಳಗಿದ್ದವನು ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ. ಪಾಳಿ ಬಿಟ್ಟುಕೊಡುವವನ ಹಾಗೆ ಒಂದೊಂದೇ ಹೇಳತೊಡಗಿದ. "ಅಮ್ಮನಿಗೆ ಬಿಪಿ ಮಾತ್ರೆ ಬೆಳಿಗ್ಗೆ, ತಿಂಡಿ ಆದ ಮೇಲೆ. ಮರೆತರೂ ತಗೊಂಡೆ ಅಂತಾರೆ, ನಂಬಬೇಡ. ಮಂಡಿ ನೋವು ಬಂದ್ರೆ ಬಾಯಿ ಬಿಡಲ್ಲ. ಗೋಡೆ ಹಿಡ್ಕೊಂಡು ನಡೆದ್ರೆ ಎಣ್ಣೆ ಬಿಸಿ ಮಾಡಿ ಹಚ್ಚು."

ಹೆಡ್ ಕಾನ್‌ಸ್ಟೆಬಲ್ ಬೀಗದ ಕೈ ಹಿಡಿದು ಬಾಗಿಲ ಬಳಿ ನಿಂತಿದ್ದಳು. ವ್ಯಾನು ಹೊರಗೆ ಹಾರ್ನ್ ಮಾಡಿತು. ಅವರ ಮಾತು ಮುಗಿಯಲಿ ಎಂದು ಕಾದಳು.