ಒಂದು ಬಾಗಿಲಿನ ಮನೆಗೆ ಹತ್ತೊಂಬತ್ತು ಕಪ್ಪೆ

ಆ ಕಪ್ಪೆಯನ್ನು ನೋಡಿ ಮೊದಲು ನಕ್ಕವನು ಬೀಗದವನೇ.

ಭಾನುವಾರದ ಬಜಾರಿನಲ್ಲಿ ಎಂಟು ವರ್ಷದಿಂದ ಅವನದು ಅದೇ ಕಂಬದ ಪಕ್ಕದ ಜಾಗ, ಅದೇ ಕೀಲಿ ಕೊರೆಯುವ ಮೆಷಿನ್. ಆ ದಿನ ಪಕ್ಕದ ಖಾಲಿ ಜಾಗಕ್ಕೆ ಹೊಸಬಳೊಬ್ಬಳು ಬಂದು ಮಡಚುವ ಟೇಬಲ್ ಬಿಚ್ಚಿದಳು. ಕೊರಳಲ್ಲಿ ಹೊಲಿಗೆಯ ಟೇಪು, ತುಟಿಗಳ ನಡುವೆ ಎರಡು ಗುಂಡುಪಿನ್ನು. ಮೂರು ಬಗೆಯ ವಸ್ತುಗಳನ್ನು ಎಂಟೆಂಟರಂತೆ ಜೋಡಿಸಿದಳು. ಬಟ್ಟೆಯ ನೋಟ್‌ಬುಕ್ ಕವರು. ಕತ್ತರಿ, ಬ್ರಷ್ಷುಗಳನ್ನು ಜೇಬುಗಳಲ್ಲಿಟ್ಟು ಸುರುಳಿ ಸುತ್ತುವ ಚೀಲ. ಮತ್ತೆ ಹೊಟ್ಟೆ ತುಂಬ ಮರಳು ತುಂಬಿಕೊಂಡು, ಕಣ್ಣು ಅರೆಮುಚ್ಚಿ ಕೂತ ದಪ್ಪ ದಪ್ಪ ಕಪ್ಪೆಗಳು.

"ಇದಕ್ಕೇನು ಹೊಟ್ಟೆ ಕೆಟ್ಟಿದ್ಯಾ?" ಅಂದ ಬೀಗದವನು.

ಅವಳು ಬಾಯಿಂದ ಪಿನ್ನು ತೆಗೆದಳು. "ನಿದ್ದೆ ಬಂದಿದೆ. ಗಾಳಿಗೆ ಬಾಗಿಲು ಬಡ್ಕೋಬಾರದು ಅಂತ ಅಡ್ಡ ಇಡೋದು. ನೀವು ಬಾಗಿಲು ಮುಚ್ಚೋ ಕಸುಬಿನವರು. ತೆರೆದಿಡೋದು ನಿಮಗೆಲ್ಲಿ ಅರ್ಥ ಆಗತ್ತೆ?"

ಮಾತಿಗೆ ಮಾತು ಕೊಡುವುದರಲ್ಲಿ ಅವನೇನು ಹಿಂದೆ ಬಿದ್ದವನಲ್ಲ. ಆದರೆ ಆ ದಿನ ಬಾಯಿ ಕಟ್ಟಿತು. ಸುಮ್ಮನೆ ಮೆಷಿನ್ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಮನಸ್ಸಿನಲ್ಲೇ ಅವಳಿಗೆ ಟೇಪಿನವಳು ಎಂದು ಹೆಸರಿಟ್ಟ.

ಮಧ್ಯಾಹ್ನದ ಹೊತ್ತಿಗೆ ಎರಡು ಸುರುಳಿ ಚೀಲ ಹೋಗಿದ್ದವು. ಕಪ್ಪೆಗಳನ್ನು ಕೇಳುವವರಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ಒಂದನ್ನೆತ್ತಿ, "ಅಯ್ಯೋ ಇದನ್ನ ಮನೇಲಿಟ್ರೆ ಮಕ್ಕಳು ಹೆದರ್ತಾವೆ" ಎಂದು ಕೆಳಗಿಟ್ಟಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಟೇಪಿನವಳು ಆ ಕಪ್ಪೆಯ ಬೆನ್ನು ಸವರಿ ಮೊದಲಿದ್ದ ಜಾಗದಲ್ಲೇ ಕೂರಿಸಿದಳು. ಮುಖ ಮಾತ್ರ ಸಣ್ಣದಾಯಿತು.

ಬೀಗದವನಿಗೆ ಅದನ್ನು ನೋಡಲಾಗಲಿಲ್ಲ. ಕೀಲಿ ಕೊರೆಯಲು ಐದು ನಿಮಿಷ ಬೇಕು. ಅಷ್ಟು ಹೊತ್ತು ಗಿರಾಕಿ ನಿಂತಿರಲೇಬೇಕು. ಹಾಗೆ ನಿಂತಿದ್ದ ಮುದುಕರೊಬ್ಬರ ಕೈಗೆ ದುಡ್ಡು ತುರುಕಿ ಪಿಸುಗುಟ್ಟಿದ. "ಒಂದು ಉಪಕಾರ ಮಾಡಿ. ಪಕ್ಕದಲ್ಲಿ ಒಂದು ಕಪ್ಪೆ ತಗೊಂಡು ಬನ್ನಿ. ನನ್ನ ಹೆಸರು ಹೇಳ್ಬೇಡಿ."

ಮುದುಕರು ಬೀಗದವನ ಮುಖ ನೋಡಿದರು, ಅವಳ ಮುಖ ನೋಡಿದರು. ಏನೂ ಕೇಳದೆ ಹೋದರು.

ಕಪ್ಪೆ ಮಾರಿದಾಗ ಅವಳು ನಕ್ಕ ರೀತಿ ಇತ್ತಲ್ಲ! ಮೊದಲು ತುಟಿ ಕಚ್ಚಿ ತಡೆದುಕೊಂಡಳು, ಆಮೇಲೆ ತಡೆಯಲಾರದೆ ಆ ಕಡೆ ತಿರುಗಿ ಒಬ್ಬಳೇ ನಕ್ಕಳು. ಆ ನಗುವಿಗೆ ಬೀಗದವನು ಕುಡುಕನ ಹಾಗೆ ಅಂಟಿಕೊಂಡ. ಸಂಜೆಯೊಳಗೆ ಇನ್ನೂ ಎರಡು ಕಪ್ಪೆ ಅವಳ ಕಣ್ಣು ತಪ್ಪಿಸಿ ಅವನ ಟೇಬಲ್ಲಿನ ಕೆಳಗಿನ ಗೋಣಿಚೀಲ ಸೇರಿದವು.

ಎರಡನೆಯ ಭಾನುವಾರ ಅವಳು ಒಂದು ಪುಟ್ಟ ಪುಸ್ತಕದಲ್ಲಿ ಏನೋ ಗುರುತು ಹಾಕುತ್ತಿದ್ದಳು.

"ಏನದು?"

"ಪರೀಕ್ಷೆ. ಮುಟ್ಟಿ ನೋಡಿದ್ರೆ ಚುಕ್ಕೆ, ರೇಟು ಕೇಳಿದ್ರೆ ಗೀಟು, ತಗೊಂಡ್ರೆ ಸೊನ್ನೆ. ಹನ್ನೊಂದು ವರ್ಷ ಆಯ್ತು, ಬಟ್ಟೆ ಅಂಗಡೀಲಿ ಬೇರೆಯವರ ಪ್ಯಾಂಟು ಗಿಡ್ಡ ಮಾಡ್ತಾ ಕೂತಿದ್ದೀನಿ. ಕತ್ತರಿಸಿ ಬಿಸಾಡೋ ತುಂಡುಗಳಲ್ಲೇ ಇವನ್ನೆಲ್ಲ ಮಾಡಿದ್ದು. ಆರು ಭಾನುವಾರ ನೋಡ್ತೀನಿ. ಯಾವುದು ಓಡತ್ತೋ ಅದನ್ನೊಂದೇ ಹಿಡ್ಕೊಂಡು, ಕೆಲಸ ಬಿಟ್ಟು ಸ್ವಂತ ಅಂಗಡಿ."

"ನೆಂಟರಿಷ್ಟರನ್ನ ಕೇಳಿದ್ರೆ ಆಗಲ್ವಾ?"

"ಪರಿಚಯದವರು ಹೊಗಳ್ತಾರೆ. ಅಪರಿಚಿತರು ಕೊಳ್ತಾರೆ." ಅವಳು ಪೆನ್ಸಿಲಿನಿಂದ ಅವನ ಕಡೆ ತೋರಿಸಿದಳು. "ಅದಕ್ಕೇ ನನ್ನ ಬಂಧುಗಳ್ಯಾರೂ ಈ ಕಡೆ ಸುಳೀಕೂಡದು ಅಂದಿದ್ದೀನಿ. ಸುಳ್ಳು ಗಿರಾಕಿ ಇದ್ರೆ ನಾನು ಕೆಟ್ಟೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬೀಗದವನ ಕಾಲು ತಾನಾಗಿ ಗೋಣಿಚೀಲವನ್ನು ಒಳಕ್ಕೆ ತಳ್ಳಿತು.

ಅಲ್ಲಿಗೇ ನಿಲ್ಲಿಸಬಹುದಿತ್ತು. ಇವತ್ತೊಂದೇ ಎಂದುಕೊಂಡ. ಮುಂದಿನ ವಾರವೂ ಇವತ್ತೊಂದೇ ಎಂದುಕೊಂಡ. ಈಗ ನಿಲ್ಲಿಸಿದರೆ ಅವಳಿಗೆ ನಿರಾಸೆಯಾದೀತು ಎಂಬುದು ಅವನ ತರ್ಕ. ಪ್ರೀತಿಯಲ್ಲಿ ಬಿದ್ದವರ ತರ್ಕ ಇಷ್ಟೇ ಇರುತ್ತದೆ. ನಡುನಡುವೆ ಅವಳು ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಸುರಿದು ಅವನ ಕಡೆ ಸರಿಸುವಳು, ಅವನ ಅಂಗಿತೋಳಿನ ಕಿತ್ತುಬಂದ ಗುಂಡಿ ಕಂಡು "ಕೈ ಚಾಚಿ" ಎಂದು ಅಲ್ಲೇ ಹೊಲಿಯುವಳು. ದಾರ ಹಲ್ಲಿನಿಂದ ಕಡಿಯುವಾಗ ಅವಳ ಉಸಿರು ಮುಂಗೈಗೆ ತಾಗುತ್ತಿತ್ತು. ಅಂಥ ಹೊತ್ತಿನಲ್ಲಿ ಯಾವ ಗಂಡಸು ನಿಜ ಹೇಳಿದ್ದಾನೆ?

ಆರನೆಯ ಭಾನುವಾರ ಸಂಜೆ ಅವಳು ಪುಸ್ತಕ ಮುಚ್ಚಿದಳು. ಕಣ್ಣು ಮಿಂಚುತ್ತಿತ್ತು.

"ಕಪ್ಪೆ ಗೆದ್ದಿತು! ಇಪ್ಪತ್ತೊಂದು. ಸುರುಳಿ ಚೀಲ ಬರೀ ಹನ್ನೊಂದು, ನೋಟ್‌ಬುಕ್ ಕವರು ಅದಕ್ಕಿಂತ ಕಮ್ಮಿ. ಎರಡನ್ನೂ ಕೈಬಿಟ್ಟೆ. ನಾಳೆ ಹತ್ತಕ್ಕೆ ಅಂಗಡಿ ಅಗ್ರಿಮೆಂಟಿಗೆ ಸಹಿ, ಮಧ್ಯಾಹ್ನ ಕೆಲಸಕ್ಕೆ ರಾಜೀನಾಮೆ. ನೀವು ಸ್ವಲ್ಪ ಮೊದಲೇ ಬಂದು ಹೊಸ ಬೀಗ ಹಾಕ್ಕೊಡ್ತೀರಾ?" ಅಂದವಳು ದನಿ ತಗ್ಗಿಸಿದಳು. "ಮೊದಲ ಕೀಲಿ ನಿಮ್ಮ ಕೈಯಿಂದಲೇ ತಗೋಬೇಕು ಅಂತಾಸೆ."

ಅವನು ಹೂಂ ಅಂದ.

ಮನೆಗೆ ಬಂದರೆ ಅಕ್ಕ ಹೊಸ್ತಿಲಲ್ಲೇ ಕಾಲುಬೆರಳು ಹಿಡಿದು ಕೂತಿದ್ದಳು. "ಎಡವಿದೆ ಕಣೋ ನಿನ್ನ ಕಪ್ಪೆನ! ಇರೋದು ಒಂದು ಬಾಗಿಲು. ಅದಕ್ಕೆ ಹತ್ತೊಂಬತ್ತು ಜನ ಕಾವಲು. ಆ ಹುಡುಗಿಗೆ ಇಷ್ಟ ಅಂತ ಒಂದು ಮಾತು ಹೇಳಕ್ಕೆ ನಿಂಗೆ ಎಷ್ಟು ಮರಳು ಬೇಕೋ?"

ಅವನು ವಿಷಯ ಹೇಳಿದ. ಅಕ್ಕನ ನಗು ನಿಂತುಹೋಯಿತು.

"ನಾಳೆ ಅವಳು ಕೆಲಸ ಬಿಡ್ತಾಳಾ?"

"ಹೂಂ."

"ಈ ಕಪ್ಪೆ ನಂಬ್ಕೊಂಡು?"

"ಹೂಂ ಅಕ್ಕ."

"ಹೇಳಿದ್ರೆ ನಿನ್ನ ಮುಖ ನೋಡಲ್ಲ. ಹೇಳದೇ ಇದ್ರೆ ಅವಳ ಹನ್ನೊಂದು ವರ್ಷ ನೀರಲ್ಲಿ ಹೋಮ. ಎರಡರಲ್ಲಿ ಯಾವುದು ಅಂತ ನಾನು ಹೇಳ್ಬೇಕಾ?"

ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಹಾಗೆ ಬೀಗದವನು ಮರುದಿನ ಒಂಬತ್ತೂ ಕಾಲಿಗೆ ಆ ಅಂಗಡಿಯ ಮೆಟ್ಟಿಲು ಹತ್ತಿದ.

ಒಂದೇ ಕೋಣೆ. ಹೊಸ ಸುಣ್ಣದ ವಾಸನೆ. ಅವಳು ಕೊರಳಿನ ಟೇಪು ಬಿಚ್ಚಿ ಗೋಡೆ ಅಳೆಯುತ್ತಿದ್ದಳು. ಕಿಟಕಿಯ ಮೇಲಿಟ್ಟ ಬ್ಯಾಗಿನಿಂದ ಬಿಳಿ ಲಕೋಟೆಯೊಂದು ಇಣುಕುತ್ತಿತ್ತು. ರಾಜೀನಾಮೆ ಎಂದು ಯಾರೂ ಹೇಳಬೇಕಿರಲಿಲ್ಲ.

"ಈ ಗೋಡೆ ಪೂರ್ತಿ ಕಪ್ಪೆಗಳಿಗೆ," ಅಂದಳು. "ಇಲ್ಲಿ ದೊಡ್ಡವು, ಅಲ್ಲಿ ಮರಿಗಳು. ಇನ್ನೂರಕ್ಕಾಗೋಷ್ಟು ಬಟ್ಟೆ ಎತ್ತಿಡಿ ಅಂತ ಸಗಟು ಅಂಗಡಿಯವರಿಗೆ ಹೇಳಿದ್ದೀನಿ."

ಅವನು ಹಳೆಯ ಬೀಗ ಬಿಚ್ಚಲು ಕುಳಿತ. ಸ್ಕ್ರೂಡ್ರೈವರ್ ಜಾರಿ ಬಾಗಿಲಿನ ಮೇಲೆ ಉದ್ದಕ್ಕೆ ಗೀರು ಬಿತ್ತು. ಎಂಟು ವರ್ಷದಲ್ಲಿ ಹಾಗಾಗಿದ್ದು ಅದೇ ಮೊದಲು.

"ಹುಷಾರಿಲ್ವಾ?" ಅವಳು ಹತ್ತಿರ ಬಂದು ಬಗ್ಗಿದಳು.

"ನಿಮ್ಮ ಕಪ್ಪೆ ತಗೊಂಡಿದ್ದು ನಾನು."

ಅವಳು ನಕ್ಕಳು. "ಒಂದು ತಾನೇ? ಬಾಯಿಬಿಟ್ಟು ಕೇಳಿದ್ರೆ ಹಾಗೇ ಕೊಡ್ತಿದ್ದೆ."

"ಹತ್ತೊಂಬತ್ತು."

ನಗು ಮುಖದ ಮೇಲೆ ಇನ್ನೂ ಇತ್ತು, ಆದರೆ ಕಣ್ಣಿನಿಂದ ಹೋಗಿತ್ತು. ನಿಧಾನವಾಗಿ ಬ್ಯಾಗಿನಿಂದ ಪುಸ್ತಕ ತೆಗೆದಳು.

"ಮೊದಲನೇ ವಾರ. ಕೋಲು ಹಿಡಿದಿದ್ದ ಅಜ್ಜ."

"ನಾನು ಕಳಿಸಿದ್ದು."

"ಮಗು ಎತ್ಕೊಂಡು ಬಂದಿದ್ದ ಹೆಂಗಸು?"

"ಅವರ ಬೀರು ಕೀಲಿ ಕೊರೀತಿದ್ದೆ. ನಾನೇ."

ಪೆನ್ಸಿಲ್ ಒಂದೊಂದೇ ಸೊನ್ನೆ ಹೊಡೆದುಹಾಕುತ್ತ ಕೆಳಗಿಳಿಯಿತು. ಪೋಸ್ಟಿನವನು. ಅವಳಿ ಅಕ್ಕತಂಗಿಯರು. ಬೈಕು ನಿಲ್ಲಿಸಿ ಬಂದ ದಾಡಿಯವನು. ಪ್ರತಿಯೊಂದಕ್ಕೂ ಅವನು ಹೂಂ ಅನ್ನುತ್ತಿದ್ದ. ಪ್ರತಿ ಹೂಂಗೆ ಅವಳ ದನಿ ಇನ್ನಷ್ಟು ಇಳಿಯುತ್ತಿತ್ತು.

"ನೀಲಿ ಕಪ್ಪೆನ ಎದೆಗೊತ್ಕೊಂಡು ಹೋದ್ಲಲ್ಲ, ಆ ಕಾಲೇಜು ಹುಡುಗಿ?"

"ಅವಳು ನಿಜ," ಅಂದ ತಡೆಯದೆ. "ದೇವರಾಣೆ ಅವಳು ನಿಜ. ಅವಳೊಬ್ಬಳು, ಇನ್ನೊಬ್ಬರು ನರ್ಸಮ್ಮ."

"ಎರಡು," ಅಂದಳು. "ಆರು ವಾರಕ್ಕೆ ಎರಡು."

"ಸುರುಳಿ ಚೀಲಗಳಲ್ಲಿ ಒಂದನ್ನೂ ನಾನು ಮುಟ್ಟಿಲ್ಲ. ಕ್ಷೌರದವರೊಬ್ಬರು ತಗೊಂಡ್ರು, ಮುಂದಿನ ವಾರ ಅವರ ಜೊತೆ ಕೆಲಸ ಮಾಡೋವ್ರು ಹುಡುಕ್ಕೊಂಡು ಬಂದ್ರು. ಚಿತ್ರ ಬರೆಯೋ ಮೇಷ್ಟ್ರು ಮೂರು ಒಯ್ದ್ರು. ಹನ್ನೊಂದೂ ನಿಜವಾದ ಗಿರಾಕಿ. ನಿಮಗೆ ಓಡ್ತಿದ್ದಿದ್ದು ಅದು."

"ನಿಮ್ಮ ದೆಸೆಯಿಂದ ನಾನು ಕೈಬಿಟ್ಟಿದ್ದೂ ಅದನ್ನೇ." ಅವಳು ಪುಸ್ತಕ ಮುಚ್ಚಿದಳು. "ಯಾಕೆ ಮಾಡಿದ್ರಿ?"

ಕಾರಣ ಗಂಟಲಲ್ಲಿತ್ತು. ಬಂದದ್ದು ಅರ್ಧ. "ನಿಮ್ಮ ಮುಖ ಬಾಡೋದು ನೋಡಕ್ಕಾಗ್ಲಿಲ್ಲ."

"ಬಾಡಬೇಕಿತ್ತು!" ದನಿ ಖಾಲಿ ಕೋಣೆಯಲ್ಲಿ ಕಂಗಾಲಾಗಿ ಸುತ್ತಿತು. "ಬಾಡಲಿ ಅಂತಾನೇ ತುಂಡುಬಟ್ಟೇಲಿ ವಾರಕ್ಕೆ ಎಂಟೇ ಎಂಟು ಮಾಡ್ಕೊಂಡು ಬಂದು ಕೂತಿದ್ದು. ಎಂಟು ಹೋಗ್ದಿದ್ರೆ ಒಂದು ಭಾನುವಾರ ಅಳ್ತೀನಿ. ಇನ್ನೂರು ಹೋಗ್ದಿದ್ರೆ? ಜನ ಮನೆ ಕೀಲೀನೇ ನಂಬಿ ಕೊಡ್ತಾರೆ ನಿಮ್ಮ ಕೈಗೆ. ನಾನೂ ಕೊಟ್ಟಿದ್ದೆ, ನಿಮಗೆ ಗೊತ್ತಾಗ್ಲಿಲ್ಲ ಅಷ್ಟೆ."

ಆ ಕೊನೆಯ ಮಾತು ಅವನ ಎದೆಯನ್ನೇ ಕೊರೆಯಿತು. ಅಷ್ಟರಲ್ಲಿ ಅಂಗಡಿ ಮಾಲೀಕ ಕಾಗದ ಬೀಸಿಕೊಳ್ಳುತ್ತ ಮೆಟ್ಟಿಲು ಹತ್ತಿ ಬಂದ.

"ಇವತ್ತು ಸಹಿ ಇಲ್ಲ," ಅಂದಳು ಟೇಪಿನವಳು.

"ಹಾಗಾದ್ರೆ ಬೇರೆಯವರು ಕಾಯ್ತಿದ್ದಾರಮ್ಮ, ಅವರಿಗೇ ಕೊಡ್ತೀನಿ. ಆಮೇಲೆ ಬಂದು ಕೇಳ್ಬೇಡಿ."

"ಕೊಡಿ." ಅವಳು ಬೀಗದವನ ಕಡೆ ತಿರುಗದೆ ಬ್ಯಾಗು ಎತ್ತಿಕೊಂಡಳು. "ನಾಲ್ಕು ಭಾನುವಾರ ಮತ್ತೆ ಮೊದಲಿಂದ ನೋಡ್ತೀನಿ. ನೀವು ನನ್ನ ಕಣ್ಣಿಗೆ ಬೀಳ್ಬೇಡಿ."

ಅವನು ಬೀಳಲಿಲ್ಲ. ಎಂಟು ವರ್ಷದ ಕಂಬ ಬಿಟ್ಟು ಬಜಾರಿನ ಹಿಂದಿನ ಗೇಟಿನ ಹತ್ತಿರ, ಕಸದ ಡಬ್ಬಗಳ ಪಕ್ಕ ಟೇಬಲ್ ಹಾಕಿದ. ಗಿರಾಕಿಗಳು ಹುಡುಕಿ ಸುಸ್ತಾಗಿ ಬಂದು ಬೈದರು. ಅಲ್ಲಿಂದ ಅವಳ ಟೇಬಲ್ ಕಾಣುವುದಿಲ್ಲ. ಒಂದು ತೆಂಗಿನಗರಿಯ ಚಪ್ಪರ ಅಡ್ಡ. ಗಾಳಿ ಬೀಸಿದಾಗ ಗರಿ ಸರಿದು ಅವಳ ಮೊಣಕೈ ಒಂದು ಕ್ಷಣ ಕಂಡು ಮರೆಯಾಗುವುದು. ಇಡೀ ವಾರ ಅವನು ಆ ಮೊಣಕೈ ನೆನೆಸಿಕೊಂಡು ಬದುಕಿದ ಎಂದರೆ ಅತಿಶಯವಲ್ಲ. ಮೂರನೆಯ ವಾರ ಕುಡಿಯುವ ನೀರಿನ ನಲ್ಲಿಯ ಬಳಿ ಇಬ್ಬರೂ ಎದುರಾದರು. ಅವಳು ಬಾಟಲಿ ಅರ್ಧ ತುಂಬಿಸಿ ಹೊರಟುಹೋದಳು. ಅವನು ಕೀಲಿ ಎರಡು ತಪ್ಪು ಕೊರೆದ.

ನಾಲ್ಕನೆಯ ಭಾನುವಾರವೂ ಕಳೆಯಿತು. ಅವಳು ಅವನನ್ನು ಹುಡುಕಿಕೊಂಡು ಬರಲಿಲ್ಲ. ಸೋಮವಾರ, ಮಂಗಳವಾರ, ಬುಧವಾರ. ಮುಗಿಯಿತು ಎಂದುಕೊಂಡ.

ಗುರುವಾರ ಮಧ್ಯಾಹ್ನ ಅಕ್ಕ ಬಾಗಿಲಿನಿಂದ ಕೂಗಿದಳು. "ಯಾರೋ ಟೇಪು ಹಾಕ್ಕೊಂಡೋರು ಬಂದಿದ್ದಾರೆ ನೋಡೋ!" ಕೂಗಿದವಳು ಇದ್ದಕ್ಕಿದ್ದಂತೆ ಪಕ್ಕದ ಮನೆಯಲ್ಲಿ ಕೆಲಸ ನೆನಪಾಗಿ ಹೊರಟೇಹೋದಳು.

ಬಜಾರಿನಲ್ಲಿ ವಿಳಾಸ ಕೇಳಿಕೊಂಡು ಬಂದ ಟೇಪಿನವಳು ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಕತ್ತರಿ.

"ಮೂವತ್ತೊಂದು ಚೀಲ," ಅಂದಳು ಪೀಠಿಕೆಯಿಲ್ಲದೆ. "ಒಬ್ಬೊಬ್ಬರನ್ನೂ ನಿಲ್ಲಿಸಿ ಕೇಳಿದೆ, ಬೀಗದವರು ಕಳಿಸಿದ್ರಾ ಅಂತ. ಎಲ್ಲರೂ ಯಾವ ಬೀಗದವರು ಅಂದ್ರು."

"ನಾನು ಆ ಕಡೆ..."

"ಗೊತ್ತು. ಕಸದ ಡಬ್ಬದ ಹತ್ರ ಕೂತಿದ್ರಿ. ಚಪ್ಪರದ ಗರಿ ನನ್ನ ಕಡೆಯಿಂದಾನೂ ಸರಿಯತ್ತೆ." ಅವಳ ಕಿವಿ ಕೆಂಪಾಗಿತ್ತು. "ಕೆಲಸ ಸದ್ಯಕ್ಕೆ ಬಿಡಲ್ಲ. ಅರ್ಧ ದಿನ ಮಾಡ್ಕೋತೀನಿ. ಜೇಬುಗಳಿಗೆ ಬಟ್ಟೆ ಸಾಲ್ತಿಲ್ಲ. ನನ್ನ ಒಳ್ಳೊಳ್ಳೆ ತುಂಡೆಲ್ಲ ಇಲ್ಲಿ ಕೂತು ನಿದ್ದೆ ಮಾಡ್ತಿದೆ."

ಗೋಡೆಯುದ್ದಕ್ಕೂ ಹತ್ತೊಂಬತ್ತು ಕಪ್ಪೆ ಸಾಲಾಗಿ ಕೂತಿದ್ದವು. ಒಂದರ ಮೇಲೂ ಧೂಳಿರಲಿಲ್ಲ. ಅವಳು ಬಗ್ಗಿ, ಒಂದರ ಬೆನ್ನನ್ನು ಬೆರಳಿಂದ ಸವರಿ ನೋಡಿದಳು. ಬಹಳ ಹೊತ್ತು ಎದ್ದು ನಿಲ್ಲಲಿಲ್ಲ.

"ಅವತ್ತು ಹೇಳಿದ್ದು ಅರ್ಧ," ಅಂದಳು ಅವನ ಕಡೆ ನೋಡದೆ. "ಮುಖ ಬಾಡಿದ್ದಕ್ಕೆ ಒಂದು ಕಪ್ಪೆ ತಗೋಬಹುದು. ಎರಡು ತಗೋಬಹುದು. ಉಳಿದ ಹದಿನೇಳು ಯಾಕೆ?"

"ನಿಮಗೆ ಗೊತ್ತಲ್ಲ."

"ನಾನು ಊಹೆ ಮಾಡಿ ಒಂದು ಸಲ ಕೆಟ್ಟಿದ್ದೀನಿ. ನೀವೇ ಹೇಳಿ."

ಊರಲ್ಲಿ ಬಿಚ್ಚದ ಬೀಗವಿಲ್ಲ ಎಂದು ಮೆರೆಯುವವನು, ಸ್ವಂತ ಬಾಯಿ ತೆರೆಯಲು ಅಷ್ಟು ಒದ್ದಾಡಿದ.

"ನೀವು ಇಷ್ಟ," ಅಂದ. "ಮೊದಲನೇ ದಿನ ನನ್ನ ಬಾಯಿ ಮುಚ್ಚಿಸಿದ್ರಲ್ಲ, ಆವಾಗಿಂದ. ಕಪ್ಪೆ ನಂಗೆ ಇವತ್ತಿಗೂ ಇಷ್ಟ ಇಲ್ಲ. ಹೊಟ್ಟೆ ಕೆಟ್ಟ ಹಾಗೇ ಕಾಣ್ತಾವೆ. ನೀವು ಇಲ್ದೆ ಭಾನುವಾರ ಭಾನುವಾರದ ಥರ ಇರ್ಲಿಲ್ಲ."

ಅವಳು ತುಟಿ ಕಚ್ಚಿ ತಡೆದುಕೊಂಡಳು. ಈ ಸಲ ಆ ಕಡೆ ತಿರುಗಲಿಲ್ಲ. ಅವನ ಕಣ್ಣಿಗೆ ಕಣ್ಣು ಕೊಟ್ಟೇ ನಕ್ಕಳು. ಕಣ್ಣಲ್ಲಿ ನೀರಿತ್ತು.

"ನಂಗೂ ಇರ್ಲಿಲ್ಲ," ಅಂದಳು. "ಕೋಪ ಮಾಡ್ಕೊಂಡು ಕೂತಿರೋದು ಎಷ್ಟು ಕಷ್ಟ ಗೊತ್ತಾ? ಬಾಟಲಿ ಅರ್ಧ ತುಂಬಿಸ್ಕೊಂಡು ಹೋಗಿ ಇಡೀ ದಿನ ಬಾಯಾರಿ ಸತ್ತೆ."

ಆಮೇಲೆ ಅವಳು ನೆಲದ ಮೇಲೆ ಕೂತು, ಮೊದಲ ಕಪ್ಪೆಯನ್ನು ಮಡಿಲಿಗೆಳೆದುಕೊಂಡು, ಹೊಟ್ಟೆಯ ಹೊಲಿಗೆಗೆ ಕತ್ತರಿ ಹಾಕಿದಳು. ಅವನು ಬಕೆಟ್ ಹಿಡಿದು ಎದುರಿಗೆ ಕೂತ. ಮರಳು ಸುರಿಯುವಾಗ ಮೊಣಕಾಲಿಗೆ ಮೊಣಕಾಲು ತಾಗಿತು. ಇಬ್ಬರೂ ಹಿಂದೆ ಸರಿಯಲಿಲ್ಲ. ಎರಡು, ಮೂರು, ಹತ್ತು. ಹದಿನೆಂಟರ ಹೊತ್ತಿಗೆ ಬಿಸಿಲು ಹೊಸ್ತಿಲು ದಾಟಿತ್ತು. ಕೊನೆಯದಕ್ಕೆ ಅವಳು ಕೈಚಾಚಿದಾಗ ಅವನು ಅದನ್ನು ಬೆನ್ನ ಹಿಂದೆ ಅಡಗಿಸಿದ.

"ಇದೊಂದನ್ನ ಬಿಡಿ. ನೆನಪಿಗೆ."

ಅವಳು ಅವನ ತೋಳಿನ ಕೆಳಗಿಂದ ಕೈ ತೂರಿಸಿ ಕಪ್ಪೆಯನ್ನು ಕಸಿದುಕೊಂಡಳು. ತೂರಿಸಿದ ಕೈಯನ್ನು ವಾಪಸು ತೆಗೆಯಲಿಲ್ಲ.

"ನಾನೇ ಇರ್ತೀನಲ್ಲೋ," ಅಂದಳು. "ಕಪ್ಪೆ ಯಾಕೆ ನಿಂಗೆ?"